ಮೋರಿ ದಾಟಿದ ಮೇಲೆ ಬಲಗೈ

ಕೆರೆ ಪಕ್ಕದ ಮನೆ ನೋಡಲು ಬರುವವರು ನೀರು, ಲಿಫ್ಟು, ಪಾರ್ಕಿಂಗು ಎಲ್ಲ ವಿಚಾರಿಸಿ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ ಕೇಳುತ್ತಾರೆ, ಇಲ್ಲಿ ಬೆಳಗ್ಗೆ ನಡೆಯುವುದಕ್ಕೆ ಸುಲಭವಾದ ದಾರಿ ಇದೆಯೇ ಎಂದು. ಬಾಡಿಗೆ ಮನೆ ಕೊಡಿಸುವ ಕೆಲಸಕ್ಕೆ ಇಳಿದಾಗಿನಿಂದ ನಾನು ಇದಕ್ಕೆ ಉತ್ತರ ಹೇಳುತ್ತಲೇ ಇದ್ದೇನೆ. ಕೆರೆ ಏರಿಯ ಮೇಲೆ ನಡೆಯಿರಿ, ಅಲ್ಲಿ ಏರಿಳಿತವಿಲ್ಲ, ಮಂಡಿ ನೋವಿನವರಿಗೂ ಆಗುತ್ತದೆ. ಪೂರ್ವದ ತುದಿಯಿಂದ ಶುರು ಮಾಡಿದರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗೆ ಬಡಿಯುವುದಿಲ್ಲ. ನಾಯಿಗಳು ಮಲಗುವ ತಿರುವಿನಲ್ಲಿ ಓಡಬೇಡಿ, ಮಾತಾಡಿಕೊಂಡು ನಿಧಾನವಾಗಿ ದಾಟಿ. ಊರಿನ ಮಳೆನೀರು ಹರಿಯುವ ರಾಜಕಾಲುವೆಯ ದಂಡೆ ಮರದ ನೆರಳಿನಲ್ಲಿ ತಂಪಾಗಿರುತ್ತದೆ, ನಿಜ. ಆದರೆ ಮೋಡ ಕವಿದ ದಿನ ಅತ್ತ ಕಾಲಿಡಬೇಡಿ, ನಿಮ್ಮ ತಲೆಯ ಮೇಲೆ ಒಂದು ಹನಿ ಬೀಳದಿದ್ದರೂ ಸರಿ. ಇಷ್ಟು ಹೇಳಿ ನಾನು ಕೈತೊಳೆದುಕೊಳ್ಳುವುದಿಲ್ಲ. ಒಂದು ದಿನ ಬೆಳಗ್ಗೆ ಅವರ ಜೊತೆ ನಾನೇ ಪೂರ್ತಿ ದಾರಿ ನಡೆದು ಬರುತ್ತೇನೆ. ಬೇರೆ ಬ್ರೋಕರ್‌ಗಳು ಬಾಲ್ಕನಿಯಲ್ಲಿ ನಿಂತು ಕೈ ತೋರಿಸಿ ಮುಗಿಸುತ್ತಾರೆ, ನನ್ನನ್ನು ನೋಡಿ ನಗುತ್ತಾರೆ. ನಗಲಿ. ಬಾಯಲ್ಲಿ ಹೇಳಿದ ದಾರಿಯಲ್ಲಿ ಒಂದೇ ಒಂದು ತಿರುವು ಬಿಟ್ಟುಹೋದರೆ ಏನಾಗುತ್ತದೆ ಎಂಬುದನ್ನು ನಾನು ಹನ್ನೊಂದು ವರ್ಷದವಳಿದ್ದಾಗಲೇ ಕಲಿತಿದ್ದೇನೆ.

ಆಗ ನಾವಿದ್ದದ್ದು ಕುಂದಲಹಳ್ಳಿಯ ಹಿಂಬದಿಯಲ್ಲಿ, ಸಾಲಾಗಿ ಕಟ್ಟಿದ ಆರು ಶೀಟಿನ ಕೋಣೆಗಳಲ್ಲಿ ಕೊನೆಯದರಲ್ಲಿ. ಕೊನೆಯ ಕೋಣೆ ಯಾರಿಗೂ ಬೇಡವಾಗಿತ್ತು, ಯಾಕೆಂದರೆ ಅದರ ಹಿಂದಿನ ಗೋಡೆಗೂ ರಾಜಕಾಲುವೆಗೂ ನಡುವೆ ಒಬ್ಬರು ನಡೆಯುವಷ್ಟೇ ಜಾಗ. ಶಹಾಪುರದ ಕಡೆಯಿಂದ ಬಂದ ನಮಗೆ ಆಯ್ಕೆ ಮಾಡುವ ಪುರುಸೊತ್ತು ಇರಲಿಲ್ಲ. ಅಪ್ಪ ಗೌಂಡಿ, ಎತ್ತರದ ಕಟ್ಟಡಗಳ ಇಟ್ಟಿಗೆ ಗೋಡೆ ಕಟ್ಟುತ್ತಿದ್ದ. ಅವ್ವ ಹತ್ತಿರದ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುತ್ತಿದ್ದಳು. ನಾನು, ನನ್ನ ತಂಗಿ ಮಲ್ಲಿ. ಮಲ್ಲಿಗೆ ಆಗ ನಾಲ್ಕು ವರ್ಷ. ಕೋಣೆಯಲ್ಲಿ ಒಂದು ಕಿಟಕಿಯಿತ್ತು, ಅದು ಕಾಲುವೆಯ ಕಡೆಗೆ. ಅವ್ವ ಬಂದ ಮೊದಲ ದಿನವೇ ಅದಕ್ಕೆ ಅಕ್ಕಿಚೀಲ ಬಿಗಿದು ಮೊಳೆ ಹೊಡೆದಳು. ವಾಸನೆಗೆ ಅಂತ ಅಕ್ಕಪಕ್ಕದವರಿಗೆ ಹೇಳಿದಳು, ಆದರೆ ವಾಸನೆ ಗೋಡೆಯ ಕೆಳಗಿನಿಂದಲೂ ಬರುತ್ತಿತ್ತು. ರೊಟ್ಟಿ ಬಡಿಯುವಾಗ ಅವ್ವ ಆಗಾಗ ಕೈ ನಿಲ್ಲಿಸಿ ಹಿಂದಿನ ಗೋಡೆಗೆ ಕಿವಿ ಕೊಡುತ್ತಿದ್ದಳು. ನೀರಿನ ಸದ್ದು ಹೆಚ್ಚಾಗಿದೆಯೋ ಎಂದು. ಅವಳ ಕೈ ನಿಂತರೆ ನಮ್ಮ ಬಾಯಿ ನಿಲ್ಲುತ್ತಿತ್ತು. ಮಲ್ಲಿ ಕೂಡ ತುತ್ತು ಬಾಯಲ್ಲಿಟ್ಟುಕೊಂಡು ಹಾಗೇ ಕೂರುತ್ತಿದ್ದಳು. ಮತ್ತೆ ರೊಟ್ಟಿಯ ಸದ್ದು ಶುರುವಾದರೆ ನಾವು ಅಗಿಯಲು ಶುರು ಮಾಡುತ್ತಿದ್ದೆವು. ಭಯ ಎಂದರೆ ನನಗೆ ಇವತ್ತಿಗೂ ಆ ನಿಂತುಹೋದ ರೊಟ್ಟಿಯ ಸದ್ದು.

ಅವ್ವ ನೀರಿಗೆ ಹೆದರುವ ಊರಿನವಳಲ್ಲ. ಅವಳು ಹುಟ್ಟಿ ಬೆಳೆದದ್ದೇ ದೊಡ್ಡ ಕೆನಾಲಿನ ದಂಡೆಯ ಮೇಲೆ. ಅಲ್ಲಿ ನೀರು ಬಿಡುವ ದಿನ ಊರಿಗೆಲ್ಲ ಮೊದಲೇ ಗೊತ್ತಿರುತ್ತದೆ, ನಿಲ್ಲಿಸುವ ದಿನವೂ ಗೊತ್ತಿರುತ್ತದೆ. ಇಲ್ಲಿಯ ನೀರಿಗೆ ಹೇಳುವವರಿಲ್ಲ ಕೇಳುವವರಿಲ್ಲ ಎನ್ನುವುದು ಅವಳ ದೂರು. ಎಲ್ಲೋ ಮಳೆಯಾದರೆ ಇಲ್ಲಿ ಏರುತ್ತದೆ, ತಳ ಕಾಣುವುದಿಲ್ಲ, ಬಣ್ಣ ದಿನಕ್ಕೊಂದು. ಆದರೂ ನನ್ನ ಶಾಲೆಗೆ ಆ ದಂಡೆಯೇ ದಾರಿ. ರಸ್ತೆಯಲ್ಲಿ ಹೋದರೆ ಜಲ್ಲಿ ಲಾರಿಗಳು, ಕಂಪನಿ ಬಸ್ಸುಗಳು, ಫುಟ್‌ಪಾತಿಲ್ಲ. ದಂಡೆಯ ಮೇಲಾದರೆ ಕಾಲುವೆಯ ಹೂಳೆತ್ತಿ ಹಾಕಿದ ಮಣ್ಣು ಗಟ್ಟಿಯಾಗಿ ಒಳ್ಳೆಯ ಕಾಲುದಾರಿಯಾಗಿತ್ತು. ಸೀದಾ ಹೋದರೆ ಒಂದು ರಸ್ತೆ ಅಡ್ಡ ಬರುತ್ತದೆ, ಕಾಲುವೆ ಆ ರಸ್ತೆಯ ಕೆಳಗೆ ಮೋರಿಯಲ್ಲಿ ನುಗ್ಗಿ ಆಚೆ ಹೊರಬರುತ್ತದೆ. ಆಚೆ ಬದಿಯಲ್ಲಿ ನಮ್ಮ ಕಡೆಯ ದಂಡೆಯನ್ನು ಒಂದು ಟೆಕ್ ಪಾರ್ಕಿನ ಕಾಂಪೌಂಡು ನುಂಗಿಬಿಟ್ಟಿತ್ತು. ಹಾಗಾಗಿ ರಸ್ತೆಗೆ ಹತ್ತಿ, ಮೋರಿಯ ಮೇಲೆ ಬದಿ ಬದಲಿಸಿ, ಎದುರು ದಂಡೆಗೆ ಇಳಿಯಬೇಕು. ಅಲ್ಲಿಂದ ಕೆರೆ ಏರಿ, ಏರಿಯ ತುದಿಯಲ್ಲಿ ಅಮ್ಮನ ಗುಡಿ, ಗುಡಿಯ ಹಿಂದೆ ಶಾಲೆ. ದಿನಾ ಬೆಳಗ್ಗೆ ಬುತ್ತಿಯ ರೊಟ್ಟಿ ಕೈಗೆ ಕೊಡುವ ಮುಂಚೆ ಅವ್ವ ಹೊಸ್ತಿಲಲ್ಲಿ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದಳು. ದೇವರಿಗೆ ಕೈಮುಗಿಯುವುದು ತಪ್ಪಿದರೂ ಇದು ತಪ್ಪುತ್ತಿರಲಿಲ್ಲ.

"ಮನಿಯಿಂದ ಮೋರಿತನ?"

"ನೀರು ಎಡಗೈಗಿ."

"ಮೋರಿ ದಾಟಿದ ಮ್ಯಾಲ?"

"ಬಲಗೈಗಿ."

"ಬರುವಾಗ?"

ಬರುವಾಗಿನದು ತಿರುಗಿಸಿ ಹೇಳಬೇಕು. ತಡವರಿಸಿದರೆ ಮೊದಲಿಂದ. ಒಂದು ತಿಂಗಳಿಗೆ ಬಾಯಿಪಾಠವಾಯಿತು, ಮೂರು ತಿಂಗಳಿಗೆ ಕಾಲುಪಾಠವಾಯಿತು. ಆಮೇಲೆ ಮೋರಿಯ ಮೇಲೆ ಬದಿ ಬದಲಿಸುತ್ತಿದ್ದೇನೆ ಎಂಬುದೇ ನನಗೆ ಗೊತ್ತಾಗದಂತಾಯಿತು. ತೊಂದರೆ ಹುಟ್ಟಿದ್ದು ಅಲ್ಲೇ.

ಆ ವರ್ಷ ಮಳೆಗಾಲದ ಮುಂಚೆ ಅಪ್ಪನ ತಾಯಿ ಊರಿನಿಂದ ಬಂದಳು. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಬಂದ ಮೇಲೆ ಆ ಒಂದು ಕೋಣೆಯಲ್ಲಿ ಜಗಳಕ್ಕೆ ಬೇರೆಯೇ ಕಳೆ ಬಂತು. ರೊಟ್ಟಿ ದಪ್ಪವಾಯಿತು, ಖಾರ ಸಪ್ಪೆಯಾಯಿತು, ಹಾಸಿಗೆ ತಲೆ ಯಾವ ದಿಕ್ಕಿಗೆ ಎನ್ನುವುದಕ್ಕೆ ಅತ್ತೆ ಸೊಸೆ ಒಂದು ವಾರ ಮಾತು ಬಿಟ್ಟರು. ಎಲ್ಲಕ್ಕಿಂತ ದೊಡ್ಡ ಜಗಳ ತಂಬಾಕಿನದು. ಆಯಿ ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕಿದ ತಂಬಾಕನ್ನು ತುಟಿಯ ಒಳಗಿಟ್ಟುಕೊಳ್ಳುತ್ತಿದ್ದಳು. ಮಲ್ಲಿ ಒಂದು ದಿನ ಅದನ್ನೇ ಬಾಯಿಗಿಟ್ಟು ವಾಂತಿ ಮಾಡಿಕೊಂಡ ಮೇಲೆ ಅವ್ವ ಅದನ್ನು ಮನೆಯೊಳಗೆ ತರಬಾರದೆಂದು ಕಟ್ಟಪ್ಪಣೆ ಮಾಡಿದಳು. ಆಯಿ ಬಿಟ್ಟೆ ಎಂದಳು. ಬಿಟ್ಟಿರಲಿಲ್ಲ. ಸೀರೆಯ ಗಂಟಿನಲ್ಲಿ ಇಟ್ಟುಕೊಂಡಿರುತ್ತಿದ್ದಳು, ಅದನ್ನು ನಾನು ನೋಡಿದ್ದೆ, ನೋಡಿದ್ದೇನೆಂದು ಅವಳಿಗೂ ತಿಳಿಸಿದ್ದೆ. ಸುದ್ದಿಯನ್ನು ಕೂಡಲೇ ಖರ್ಚು ಮಾಡಬಾರದು, ಕೈಯಲ್ಲಿಟ್ಟುಕೊಂಡಿರಬೇಕು ಎನ್ನುವುದು ನನಗೆ ಹುಟ್ಟಿನಿಂದಲೇ ಬಂದ ಬುದ್ಧಿ ಇರಬೇಕು.

ಆಯಿಗೆ ನಡೆಯದೆ ಇರಲಾಗುತ್ತಿರಲಿಲ್ಲ. ಊರಲ್ಲಿ ದಿನಕ್ಕೆರಡು ಸಲ ಕೆನಾಲಿನ ದಂಡೆಗುಂಟ ಹೊಲಕ್ಕೆ ಹೋಗಿ ಬಂದ ಕಾಲು ಅದು. ಇಲ್ಲಿ ಹತ್ತು ಹೆಜ್ಜೆಗೆ ಗೋಡೆ. ಸಂಜೆ ಅವಳನ್ನು ಏರಿಯ ಗುಡಿಗೆ ಕರೆದೊಯ್ದು ಕರೆತರುವುದು ನನ್ನ ಕೆಲಸವೆಂದು ಅವ್ವ ಗೊತ್ತು ಮಾಡಿದಳು. ನಡೆಯುತ್ತ ಆಯಿ ಕೆನಾಲಿನ ಕತೆ ಹೇಳುತ್ತಿದ್ದಳು. ಅಲ್ಲಿ ದಾರಿ ತಪ್ಪಿದವರು ಮಾಡುವುದು ಒಂದೇ. ದೊಡ್ಡ ಕಾಲುವೆಯನ್ನು ಬಿಟ್ಟು, ಅದರಿಂದ ಒಡೆದು ಹೋಗುವ ಸಣ್ಣ ಕಾಲುವೆ ಹಿಡಿಯುವುದು. ಸಣ್ಣ ಕಾಲುವೆ ಯಾರದೋ ಹೊಲಕ್ಕೆ ಹೋಗಲೇಬೇಕು, ಹೊಲದಲ್ಲಿ ಒಬ್ಬ ಮನುಷ್ಯ ಇರಲೇಬೇಕು. ಚಿಕ್ಕವಳಿದ್ದಾಗ ಎರಡು ಸಲ ತಾನು ಹಾಗೇ ಬದುಕಿ ಬಂದದ್ದನ್ನು ಅವಳು ಬಣ್ಣ ಹಚ್ಚಿ ಹೇಳುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಆ ನೀರು ಒಡೆಯುತ್ತ ಹೋಗುವ ನೀರು, ಇದು ಕೂಡುತ್ತ ಬರುವ ನೀರು ಎನ್ನುವ ವ್ಯತ್ಯಾಸ ಆಗ ನನಗೂ ಹೊಳೆದಿರಲಿಲ್ಲ. ನಮ್ಮ ಊರಿನ ಸಣ್ಣ ಕಾಲುವೆ ಜನರ ಹತ್ತಿರ ಕರೆದೊಯ್ಯುತ್ತದೆ. ಇಲ್ಲಿಯ ಸಣ್ಣ ಕಾಲುವೆ ಯಾವುದೋ ಕಟ್ಟಡಗಳ ಬೆನ್ನ ಹಿಂದಿನಿಂದ ಇಳಿದು ಬರುತ್ತದೆ. ಅದನ್ನು ಹಿಡಿದು ಹೋದವರು ನೀರಿಗೆ ಎದುರಾಗಿ ಹೋಗುತ್ತಾರೆ.

ನನ್ನ ಸಂಜೆಗಳಿಗೆ ಆಗ ಬೇರೆ ಬೇಡಿಕೆ ಹುಟ್ಟಿತ್ತು. ಮನೆ ಮಾಲೀಕರ ಹೆಂಡತಿ, ನಾವು ಓನರ್ ಆಂಟಿ ಎನ್ನುತ್ತಿದ್ದವರು, ನಾಲ್ಕೂವರೆಗೆ ಬಾಗಿಲು ತೆರೆದು ಮಕ್ಕಳನ್ನು ಟಿವಿ ಮುಂದೆ ಕೂರಿಸಿ ಧಾರಾವಾಹಿ ಹಾಕುತ್ತಿದ್ದರು, ತಡವಾಗಿ ಬಂದವರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ನನಗೆ ಆ ಧಾರಾವಾಹಿ ಬೇಕು, ಆಯಿಗೆ ನಡಿಗೆ ಬೇಕು, ನನ್ನ ಬಳಿ ತಂಬಾಕಿನ ಗುಟ್ಟಿತ್ತು. ಒಂದು ಮಧ್ಯಾಹ್ನ ವ್ಯಾಪಾರ ಕುದುರಿಸಿದೆ. ಆಯಿ ಒಬ್ಬಳೇ ಗುಡಿಗೆ ಹೋಗಿ ಬರಬೇಕು, ನಾನು ಜೊತೆಗಿದ್ದೆ ಎಂದು ಇಬ್ಬರೂ ಹೇಳಬೇಕು, ತಂಬಾಕಿನ ಮಾತು ನನ್ನ ಬಾಯಿಂದ ಬರುವುದಿಲ್ಲ. ಆಯಿ ನಕ್ಕು ನನ್ನ ಗಲ್ಲ ಹಿಂಡಿದಳು.

"ನೀ ನಮ್ಮ ಶಹಾಪುರದ ಸಂತ್ಯಾಗ ಕುಂತಿದ್ರ ಊರೇ ಮಾರತಿದ್ದಿ, ಶರಣಿ. ದಾರಿ ಹ್ಯಾಂಗ, ಹೇಳು."

"ಸೀದಾ ಅದ, ಆಯಿ. ನೀರು ಎಡಗೈಗಿ ಇಟ್ಕೊಂಡು ಹೋಗು. ಬರುವಾಗ ಬಲಗೈಗಿ."

ಅಷ್ಟೇ ಹೇಳಿದೆ. ಅವಳು ನನ್ನ ಜೊತೆ ಐದಾರು ಸಲ ಬಂದಿದ್ದಳು, ಆದರೆ ಕತೆ ಹೇಳುವ ಭರದಲ್ಲಿ ನನ್ನ ಬೆನ್ನು ನೋಡಿಕೊಂಡು ಬಂದವಳು, ದಾರಿಯನ್ನಲ್ಲ. ಮೋರಿಯ ಮಾತು ನನಗೆ ನೆನಪಾಗಲಿಲ್ಲ. ಬೇಕೆಂದು ಬಿಟ್ಟೆನೇ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಇಲ್ಲ. ಕಾಲಿಗೆ ಅಷ್ಟು ರೂಢಿಯಾಗಿದ್ದು ನಾಲಿಗೆಗೆ ಬರಲಿಲ್ಲ, ಜೊತೆಗೆ ನಾಲ್ಕೂಕಾಲಾಗಿತ್ತು. ಆಯಿ ಹೊರಟಾಗ ಮಲ್ಲಿ ಅವಳ ಸೀರೆ ಹಿಡಿದು ಅತ್ತಳು. ಆಯಿ ಅವಳನ್ನು ಸೊಂಟಕ್ಕೇರಿಸಿಕೊಂಡಳು. ಮಲ್ಲಿಯೂ ಹೋದರೆ ನನಗೆ ಇನ್ನೂ ಹಗುರ ಎಂದು ಅನ್ನಿಸಿದ್ದು ಚೆನ್ನಾಗಿ ನೆನಪಿದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯುತ್ತೇನೆ.

ಧಾರಾವಾಹಿ ಅರ್ಧವೂ ಆಗಿರಲಿಲ್ಲ, ಟಿವಿಯ ಬೆಳಕು ಕೋಣೆಯಲ್ಲಿ ಎದ್ದು ಕಾಣತೊಡಗಿತು. ಹೊರಗೆ ಮೋಡ ಹಾಗೆ ಕವಿದಿತ್ತು. ವೈಟ್‌ಫೀಲ್ಡಿನ ಕಡೆ ಆಕಾಶ ಹೆಂಚಿನ ಬಣ್ಣಕ್ಕೆ ತಿರುಗಿತ್ತು, ನಮ್ಮ ಕಡೆ ಗಾಳಿಯೂ ಇರಲಿಲ್ಲ. ನಾನು ಓಡಿ ಬಂದು ಕೋಣೆಯ ಮುಂದೆ ನಿಂತೆ. ಆಯಿ ಬಂದಿರಲಿಲ್ಲ. ಅಷ್ಟರಲ್ಲಿ ಮೋಡ ನೋಡಿ ಕೆಲಸ ಅರ್ಧಕ್ಕೆ ಬಿಟ್ಟ ಅವ್ವ ಸೆರಗು ಸಿಕ್ಕಿಸಿಕೊಂಡು ಬಂದಳು. ಮಲ್ಲಿ ಎಲ್ಲಿ ಎಂದು ಕೇಳಿದಳು. ಆಗ ನಾನು ಆಡಿದ ಮಾತು ಇದು.

"ಗುಡ್ಯಾಗ ಅದಾರವ್ವ. ನಾ ಗುಡಿತನ ಬಿಟ್ಟು ಬಂದೀನಿ. ಭಜನಿ ಅದ ಅಂತ ಆಯಿ ಕುಂತಾಳ."

ಭಜನೆ ಯಾಕೆ ಸೇರಿಸಿದೆ ಎಂದರೆ, ಸುಳ್ಳಿಗೆ ಒಂದು ಸಣ್ಣ ವಿವರ ಸೇರಿಸಿದರೆ ಕೇಳುವವರು ನಂಬುತ್ತಾರೆ ಎಂಬುದು ಆ ವಯಸ್ಸಿಗೇ ಗೊತ್ತಿತ್ತು. ಅವ್ವ ನಂಬಿದಳು. ನಂಬಿದ್ದರಿಂದಲೇ ದಾರಿಯಲ್ಲಿ ಎಲ್ಲೂ ನೋಡದೆ, ಮೋರಿಯ ಹತ್ತಿರ ನಿಲ್ಲದೆ, ಸೀದಾ ಏರಿಗೆ ಓಡಿದಳು. ನಾನು ಅವಳ ಹಿಂದೆ. ಗುಡಿಗೆ ಬೀಗ ಹಾಕಿತ್ತು.

ಏರಿಯ ಕೆಳಗೆ ದನಕ್ಕೆ ಹುಲ್ಲು ಕೊಯ್ಯುವ ಮೂವರು ಗಂಡಸರು ಹೊರೆ ಕಟ್ಟುತ್ತಿದ್ದರು. ಮುದುಕಿಯನ್ನೂ ಮಗುವನ್ನೂ ಕಂಡಿರಾ ಎಂದು ಅವ್ವ ಕೇಳಿದಳು. ಅವರು ಕಂಡಿರಲಿಲ್ಲ. ಮೊದಲು ಒಬ್ಬ ಕೆರೆಯ ಕಡೆ ನೋಡಿದ, ಆಮೇಲೆ ಇನ್ನಿಬ್ಬರು ನೋಡಿದರು, ಆಮೇಲೆ ಅವ್ವ ನೋಡಿದಳು. ಆ ವರ್ಷ ಕೆರೆಯ ಮುಕ್ಕಾಲು ಭಾಗ ಕಳೆಯ ಹಸಿರು ಹಬ್ಬಿತ್ತು. ಅಂಚಿನಲ್ಲಿ ನಿಂತರೆ ಪೈರು ನಿಂತ ಗದ್ದೆಯೇ. ಗೊತ್ತಿಲ್ಲದವರು ನೆಲವೆಂದು ಕಾಲಿಟ್ಟರೆ ಸೊಂಟದವರೆಗೆ ಇಳಿಯುತ್ತಿದ್ದರು. ಊರಿನಿಂದ ಬಂದ ಮುದುಕಿ ಹಸಿರು ನೋಡಿ ಇಳಿದಿರಬಹುದು ಎಂದು ಒಬ್ಬ ಮೆಲ್ಲಗೆ ಅಂದ. ಮೂವರೂ ಉದ್ದದ ಬಿದಿರು ತಂದು ಕಳೆಯೊಳಗೆ ಚುಚ್ಚಿ ಚುಚ್ಚಿ ನೋಡಲು ಶುರು ಮಾಡಿದರು. ಬಿದಿರು ಒಳಗೆ ಹೋಗುವಾಗ ಸದ್ದಿಲ್ಲ, ಹೊರಗೆ ಬರುವಾಗ ಕೆಸರು ಬಿಡಿಸಿಕೊಳ್ಳುವ ಸದ್ದು. ಒಂದು ಸಲ ಬಿದಿರಿಗೆ ಏನೋ ಮೆತ್ತಗೆ ತಗುಲಿತು. ಅವರು ಮೂವರೂ ಸೇರಿ ಎತ್ತಿದರು. ಕೊಳೆತ ಹಾಸಿಗೆ. ಅವ್ವ ಅದನ್ನು ನೋಡುತ್ತ ನೆಲಕ್ಕೆ ಕೂತುಬಿಟ್ಟಳು.

ಅವರು ಅಲ್ಲಿಲ್ಲವೆಂದು ಆ ಏರಿಯ ಮೇಲೆ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತು ಎಂದರೆ ಪೂರ್ತಿ ಗೊತ್ತಲ್ಲ. ಆದರೆ ಏರಿಗೆ ಬರುತ್ತ ಮೋರಿಯ ಮೇಲೆ ಬದಿ ಬದಲಿಸಿದ ಕ್ಷಣ ನನ್ನ ಕಾಲುಗಳು ನನಗೆ ಹೇಳಿದ್ದವು, ಇದನ್ನು ನೀನು ಆಯಿಗೆ ಹೇಳಲಿಲ್ಲ ಎಂದು. ಆದರೂ ಗುಡಿಯವರೆಗೆ ಬಂದೆ, ಬಿದಿರು ಚುಚ್ಚುವುದನ್ನು ನೋಡುತ್ತ ನಿಂತೆ. ಎಷ್ಟು ಹೊತ್ತು ಎಂದು ಹೇಳಲಾರೆ. ಆ ಹಾಸಿಗೆ ಬಂದು ಬಿದ್ದ ಮೇಲೂ ಇನ್ನಷ್ಟು ಹೊತ್ತು ನಿಂತೆ. ಮಕ್ಕಳು ಏಟಿಗೆ ಹೆದರಿ ಸುಳ್ಳು ಹೇಳುತ್ತಾರೆ ಎನ್ನುತ್ತಾರೆ. ಅವ್ವ ನನ್ನನ್ನು ಹೊಡೆದವಳೇ ಅಲ್ಲ. ನಾನು ಹೆದರಿದ್ದು ಅವಳು ನನ್ನ ಕಡೆ ತಿರುಗಿ ನೋಡುವ ಆ ಒಂದು ನೋಟಕ್ಕೆ. ಮೊದಲ ಹನಿ ನನ್ನ ತೋಳಿನ ಮೇಲೆ ಬಿತ್ತು, ದಪ್ಪನೆಯ ಹನಿ. ಅದು ಬಿದ್ದ ಮೇಲೆ ಬಾಯಿ ಬಂತು.

"ಅವ್ವಾ, ನಾ ಗುಡಿಗಿ ಬಂದೇ ಇಲ್ಲ. ಅವರನ್ನಷ್ಟೇ ಕಳಿಸೀನಿ."

ಅವ್ವ ತಿರುಗಿದಳು. ಸಿಟ್ಟಿರಲಿಲ್ಲ. ಅಪರಿಚಿತರನ್ನು ನೋಡುವಂತೆ ನೋಡಿದಳು.

"ಆಕಿಗಿ ಏನ್ ಹೇಳಿದ್ದಿ? ಹೇಳಿದ್ದು ಹೇಳಿದಂಗ ಹೇಳು."

"ನೀರು ಎಡಗೈಗಿ ಇಟ್ಕೊಂಡು ಹೋಗು ಅಂದೆ."

"ಮೋರಿ?"

ನನ್ನ ಉತ್ತರ ಅವಳಿಗೆ ಬೇಕಾಗಿರಲಿಲ್ಲ. ಕೆನಾಲಿನ ಊರಿನ ಹೆಂಗಸು ಮತ್ತೊಬ್ಬ ಕೆನಾಲಿನ ಊರಿನ ಹೆಂಗಸಿನ ಹೆಜ್ಜೆಯನ್ನು ಅಲ್ಲಿಂದಲೇ ಕಂಡಳು. ಮೋರಿ ದಾಟಿದ ಮೇಲೂ ನೀರು ಎಡಗೈಗೇ ಇರಬೇಕೆಂದರೆ ಅಲ್ಲಿ ಇರುವುದು ಒಂದೇ ದಾರಿ. ಟೆಕ್ ಪಾರ್ಕಿನ ಕಾಂಪೌಂಡಿನ ಬುಡದಲ್ಲಿ ಬಲಗಡೆಯಿಂದ ಬಂದು ಕೂಡುವ ಸಣ್ಣ ಕಾಲುವೆ, ಅದರ ಪಕ್ಕ ಎರಡು ಪಾದದಷ್ಟು ಅಗಲದ ಕಟ್ಟೆ. ಕಟ್ಟೆಯ ಈಚೆಗೆ ಇನ್ನೊಂದು ಗೋಡೆ. ದೊಡ್ಡ ಕಾಲುವೆಯ ದಂಡೆ ಕಾಣದಿದ್ದಾಗ ಆಯಿ ಗಾಬರಿಯಾಗಿರುವುದಿಲ್ಲ. ಸಣ್ಣ ನೀರು ಸಿಕ್ಕಿತಲ್ಲ, ಯಾರದೋ ಹೊಲ ಬರುತ್ತದೆ ಎಂದು ಧೈರ್ಯವಾಗಿಯೇ ಹೋಗಿರುತ್ತಾಳೆ.

ನಾವು ಮೋರಿಗೆ ಬರುವಷ್ಟರಲ್ಲಿ ಮಳೆ ಹಿಡಿದಿತ್ತು. ವೈಟ್‌ಫೀಲ್ಡಿನ ಮಳೆ ನಮಗಿಂತ ಮುಂಚೆಯೇ ಅಲ್ಲಿಗೆ ಬಂದು ತಲುಪಿತ್ತು. ದೊಡ್ಡ ಕಾಲುವೆ ಮೋರಿಯ ಬಾಯಿಯವರೆಗೆ ಏರಿ, ಸಣ್ಣ ಕಾಲುವೆಯ ನೀರನ್ನು ಹಿಂದಕ್ಕೆ ತಳ್ಳುತ್ತಿತ್ತು. ಕಟ್ಟೆ ಕಾಣುತ್ತಿರಲಿಲ್ಲ. ಅವ್ವ ಗೋಡೆ ಹಿಡಿದು ಇಳಿದು ನಾಲ್ಕು ಹೆಜ್ಜೆ ಹೋದಳು, ಸೊಂಟದವರೆಗೆ ನೀರು ಬಂತು, ಹಿಂದಕ್ಕೆ ಬಂದಳು. ಒಳಗಿನಿಂದ, ತಿರುವಿನ ಆಚೆಯಿಂದ, ಮಲ್ಲಿ ಅಳುವುದು ಕೇಳಿಸಿತು. ಅದು ಕೇಳಿಸಿದ್ದೇ ಅವ್ವ ನನ್ನ ಎರಡೂ ಭುಜ ಹಿಡಿದಳು.

"ಆ ಗ್ವಾಡಿ ಒಳಗಿಂದಾನೇ ಎತ್ತಬೇಕು. ಗೇಟಿಗಿ ಓಡು. ನನ್ನ ಮಾತು ಅವರಿಗಿ ತಿಳಿಯಂಗಿಲ್ಲ, ನಿನ್ನ ಮಾತು ತಿಳಿತದ. ನಾ ಇಲ್ಲೇ ನಿಂತು ಆಕಿನ್ನ ಕೂಗ್ತಿರ್ತೀನಿ."

ನಮ್ಮಂಥವರ ಮನೆಗಳಲ್ಲಿ ಇದು ಹೀಗೇ. ಗ್ಯಾಸಿನವನಿಗೆ, ಆಸ್ಪತ್ರೆಯಲ್ಲಿ, ರೇಷನ್ ಅಂಗಡಿಯಲ್ಲಿ ಮನೆಯ ಬಾಯಿ ಎಂದರೆ ಶಾಲೆಗೆ ಹೋಗುವ ಮಗು. ಅಷ್ಟು ಹೊತ್ತಿಗೆ ನಾನು ಬೆಂಗಳೂರು ಮಾತು ಕಲಿತಿದ್ದೆ, ಮನೆಯ ಮಾತನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಅಂಗಡಿಗೆ ಹೋಗುತ್ತಿದ್ದೆ. ಆದರೆ ಅಂದು ಆ ಗೇಟಿನ ಮುಂದೆ ನಿಂತಾಗ ಎರಡೂ ಮಾತು ಕಲಸಿಕೊಂಡು ಬಾಯಿಗೆ ಬಂದವು. ಕಾವಲಿನವರು ಹೊಸಕೋಟೆ ಕಡೆಯವರಂತೆ ಕಾಣುವ, ವಯಸ್ಸಾದ ಮನುಷ್ಯ. ಯಾರದೋ ಅಳತೆಯ ಯೂನಿಫಾರಂ, ಅದರ ತೋಳು ಬೆರಳಿನವರೆಗೆ. ನಾನು ಏದುಸಿರು ಬಿಡುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ಒಳಿಕ್ಕೆ ಬಿಡಂಗಿಲ್ಲ ಕಣಮ್ಮಿ. ಸೂಪರ್‌ವೈಜರ್‌ಗೆ ಫೋನ್ ಆಕ್ತೀನಿ, ಅವ್ರು ಊ ಅಂದ್ರೆ ಸರಿ."

ಫೋನು ಮಾಡಿದರು. ಯಾರೂ ಎತ್ತಲಿಲ್ಲ. ಮತ್ತೆ ಮಾಡಿದರು. ನಾನು ಅಳಲಿಲ್ಲ, ಕಾಲು ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲವೆಂದರೆ, ಅವರು ಕಲ್ಲು ಮನಸ್ಸಿನವರಲ್ಲ ಎಂದು ಆಗಲೇ ಗೊತ್ತಾಗಿತ್ತು. ಫೋನು ಕಿವಿಗಿಟ್ಟುಕೊಂಡು ಅವರು ಎರಡು ಸಲ ತಲೆಯೆತ್ತಿ ಗೇಟಿನ ಮೇಲಿನ ಕ್ಯಾಮೆರಾ ನೋಡಿದ್ದರು. ಅವರ ತುಟಿ ನನ್ನ ತುಟಿಯಂತೆಯೇ ಒಣಗಿತ್ತು. ಒಬ್ಬ ಹೆದರಿದವಳು ಇನ್ನೊಬ್ಬ ಹೆದರಿದವರನ್ನು ಬೇಗ ಗುರುತು ಹಿಡಿಯುತ್ತಾಳೆ. ಕ್ಯಾಮೆರಾ ಕೆಳಗೆ ಪೇಂಟಿನವರು ಬಿಟ್ಟುಹೋದ ಬಿದಿರಿನ ಏಣಿ ಬಿದ್ದಿತ್ತು.

"ಅಣ್ಣ, ನೀವು ಬಿಡಬೇಡಿ. ನಾನೇ ನುಗ್ತೀನಿ. ಆ ಏಣಿ ಎತ್ಕೊಂಡು ಓಡ್ತೀನಿ, ನೀವು ಬೈಕೊಂಡು ಹಿಂದೆ ಬನ್ನಿ. ಹುಡುಗಿ ಏಣಿ ಕದ್ದಳು, ಹಿಡಿಯೋಕೆ ಹೋದೆ ಅಂತ ಹೇಳಿ. ನಿಮ್ಮ ತಪ್ಪು ಬರಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನಿನ್ನ ಕೈಲಿ ಎತ್ತಕ್ಕಾಯ್ತದಾ ಅದು?"

"ಆಗಲ್ಲ. ಅದಕ್ಕೇ ಹಿಂದೆ ಬನ್ನಿ ಅಂದಿದ್ದು."

ಗೇಟಿನ ಚಿಲಕ ತೆಗೆದದ್ದು ನಾನು ನೋಡಲಿಲ್ಲ. ಏಣಿಯ ಒಂದು ತುದಿ ನಾನು ಹಿಡಿದು ಎಳೆದೆ, ಇನ್ನೊಂದು ತುದಿ ತಾನಾಗಿ ಮೇಲೆದ್ದಿತು. ಕ್ಯಾಮೆರಾ ಇರುವಷ್ಟು ದೂರ ಅವರು ಕಳ್ಳಿ, ನಿಂತ್ಕೊಳ್ಳೇ ಎಂದು ಕೂಗುತ್ತ ಬಂದರು, ಆಮೇಲೆ ಸುಮ್ಮನಾದರು. ಹಿಂದಿನ ಗೋಡೆಯ ಮೇಲೆ ಗಾಜಿನ ಚೂರು ನೆಟ್ಟಿದ್ದರು. ಅವರು ತಮ್ಮ ಮಳೆಕೋಟು ಬಿಚ್ಚಿ ಅದರ ಮೇಲೆ ಹಾಸಿ ಹತ್ತಿ ಕೂತು, ಆಚೆ ಬಗ್ಗಿ ನೋಡಿ, ಅಯ್ಯೋ ಶಿವನೇ ಎಂದು ಅಷ್ಟೇ ಅಂದರು. ಏಣಿಯನ್ನು ಮೇಲೆಳೆದು ಆಚೆಗೆ ಇಳಿಬಿಟ್ಟರು. ನಾನು ಒಂದು ಗೋಣಿಚೀಲದ ರಾಶಿ ಹತ್ತಿ ಗೋಡೆಯ ಮೇಲೆ ಮುಖವಿಟ್ಟೆ. ಕಾಲುವೆಗೆ ಅಡ್ಡಲಾಗಿ ಒಂದು ದಪ್ಪ ಪೈಪು ಹಾದುಹೋಗಿತ್ತು. ಆಯಿ ಅದರ ಮೇಲೆ ನಿಂತು, ಗೋಡೆಗೆ ಎದೆ ಒತ್ತಿಕೊಂಡಿದ್ದಳು. ಸೀರೆಯ ಸೆರಗಿನಿಂದ ಮಲ್ಲಿಯನ್ನು ಬೆನ್ನಿಗೆ ಕಟ್ಟಿದ್ದಳು, ಹೊಲಕ್ಕೆ ಹೋಗುವಾಗ ಕೂಸನ್ನು ಕಟ್ಟುವ ಹಾಗೆ. ನೀರು ಅವಳ ತೊಡೆಯವರೆಗಿತ್ತು. ಪೈಪು ಕಾಣುತ್ತಲೇ ಇರಲಿಲ್ಲ, ಆಯಿ ನೀರಿನ ಮೇಲೆ ನಿಂತ ಹಾಗಿತ್ತು. ನೀರಿನಲ್ಲಿ ಥರ್ಮಾಕೋಲು, ಬಾಟಲಿ, ಒಂದು ಬಾಗಿಲಿನ ಹಲಗೆ ಬಂದು ಬಂದು ಅವಳ ಕಾಲಿಗೆ ಬಡಿದು ಹೋಗುತ್ತಿದ್ದವು. ಪ್ರತಿ ಸಲವೂ ಅವಳು ಅಲುಗಿ ಮತ್ತೆ ನಿಲ್ಲುತ್ತಿದ್ದಳು.

ಕಾವಲಿನವರು ಇಳಿದು ಮೊದಲು ಗಂಟು ಬಿಚ್ಚಿ ಮಲ್ಲಿಯನ್ನು ಎತ್ತಿಕೊಂಡು ಬಂದು ನನ್ನ ಕೈಗೆ ದಾಟಿಸಿದರು. ಅವಳು ತಣ್ಣಗೆ, ಗಟ್ಟಿಯಾಗಿ, ಒದ್ದೆ ಕಟ್ಟಿಗೆಯಂತಿದ್ದಳು. ನನ್ನ ಕುತ್ತಿಗೆಗೆ ಬಿದ್ದವಳು ಉಗುರು ಊರಿದಳು. ಆಯಿ ಏಣಿಗೆ ಕೈಹಾಕಿದಾಗ ಅವಳ ಕಾಲು ಜಾರಿ ಎದೆಯವರೆಗೆ ಇಳಿದಳು, ಏಣಿ ವಾಲಿತು. ಕಾವಲಿನವರು ಅವಳ ರಟ್ಟೆ ಹಿಡಿದು, ನಾನು ಮಲ್ಲಿಯನ್ನು ಒಂದು ಕೈಯಲ್ಲಿ ಅವುಚಿಕೊಂಡು ಏಣಿಯ ತುದಿಗೆ ಜೋತುಬಿದ್ದು, ಹೇಗೋ ಆಯಿತು. ಆ ಹೇಗೋ ಎಂಬುದರ ಒಳಗೆ ಏನೇನು ನಡೆಯಿತೆಂದು ನನಗೆ ನೆನಪಿಲ್ಲ. ಗೋಡೆಯ ಮೇಲೆ ಬಂದು ಕೂತ ಆಯಿ ಮೊದಲು ಕೇಳಿದ್ದು, ಇಲ್ಲಿ ಯಾರದೂ ಹೊಲವೇ ಇಲ್ಲವೇನು ಎಂದು. ಅದನ್ನು ಅವಳು ನಿಜವಾಗಿ ಕೇಳಿದಳು. ಕಾವಲಿನವರು ಏಣಿಯನ್ನು ಇದ್ದ ಜಾಗದಲ್ಲೇ ಇಟ್ಟು, ಮಳೆಕೋಟಿನ ತೂತುಗಳನ್ನು ನೋಡುತ್ತ, ಈ ಕಡೆ ಗೇಟಿಂದ ಹೋಗಿಬಿಡಿ, ಬೇಗ ಎಂದರು. ಅವರ ಹೆಸರೂ ಕೇಳದೆ, ಮೋರಿಯ ಹತ್ತಿರ ಇನ್ನೂ ಕೂಗುತ್ತಿದ್ದ ಅವ್ವನ ಕಡೆ ಹೊರಟೆವು. ಮುಂದಿನ ವಾರ ಹೋದಾಗ ಬೇರೆ ಕಾವಲಿನವರಿದ್ದರು.

ಜನ ನನ್ನನ್ನು ಚೌಕಾಸಿಯಲ್ಲಿ ಗಟ್ಟಿ ಎನ್ನುತ್ತಾರೆ, ಈ ಕೆಲಸಕ್ಕೆ ಬಂದ ಹೊಸ ಹುಡುಗಿಯರು ಗುಟ್ಟು ಕೇಳುತ್ತಾರೆ. ಎದುರಿನವರಿಗೆ ಏನು ಬೇಕು ಎಂದು ಹುಡುಕಬೇಡಿ, ಏನಕ್ಕೆ ಹೆದರಿದ್ದಾರೆ ಎಂದು ಹುಡುಕಿ, ಆ ಹೆದರಿಕೆಯನ್ನು ನೀವು ಹೊತ್ತುಕೊಳ್ಳಿ ಎನ್ನುತ್ತೇನೆ. ಮನೆಯ ಕುಂದು ಏನಿದೆಯೋ ಮೊದಲು ಅದನ್ನೇ ಹೇಳಿ ಎನ್ನುತ್ತೇನೆ. ಇಷ್ಟು ಹೇಳಿದರೆ ವ್ಯಾಪಾರಕ್ಕೆ ಸಾಕು. ಮನೆಗೆ ಸಾಲುವುದಿಲ್ಲ.

ಆ ಸಂಜೆ ಅಪ್ಪ ಬಂದ ಮೇಲೆ ಕೋಣೆ ಬಿಡುವ ಮಾತಿಗೆ ಜಗಳವಾಯಿತು, ಬಿಡಲಿಲ್ಲ. ಆಯಿಗೆ ಜ್ವರ ಬಂದು ಒಂದು ವಾರ ಮಲಗಿದಳು. ದಾರಿ ಯಾರು ಹೇಳಿದರು ಎಂದು ಅಪ್ಪ ಕೇಳಿದಾಗ, ನಾನೇ ಕೇಳಿಕೊಂಡು ಹೋದೆ, ನನಗೇ ತಿಳಿಯಲಿಲ್ಲ ಎಂದಳು. ತಂಬಾಕಿನ ಗುಟ್ಟು ನಾನು ಉಳಿಸಿಕೊಂಡಂತೆ ನನ್ನ ಗುಟ್ಟು ಅವಳು ಉಳಿಸಿಕೊಂಡಳು, ವ್ಯಾಪಾರದ ಮಾತಿಗೆ ತಪ್ಪಲಿಲ್ಲ. ಜ್ವರ ಬಿಟ್ಟ ಮೇಲೆ ಊರಿಗೆ ಹೋದಳು, ಮತ್ತೆ ಬರಲಿಲ್ಲ. ಅವ್ವ ಅಪ್ಪನಿಗೆ ಹೇಳಲಿಲ್ಲ, ನನಗೂ ಏನೂ ಅ‌ನ್ನಲಿಲ್ಲ. ಎಂದಿನಂತೆ ರೊಟ್ಟಿ ಬಡಿದಳು, ಎಂದಿನಂತೆ ತಲೆ ಬಾಚಿದಳು. ಬದಲಾದದ್ದು ಒಂದೇ. ಮಲ್ಲಿ ಒಳಗೆ ಮಲಗಿದ್ದಾಳೆ ಎಂದು ನಾನು ಹೇಳಿದರೆ ಅವ್ವ ಎದ್ದು ಒಳಗೆ ಹೋಗಿ ನೋಡುತ್ತಿದ್ದಳು. ಒಲೆ ಆರಿಸಿದ್ದೇನೆ ಎಂದರೆ ಹೋಗಿ ಮುಟ್ಟಿ ಬರುತ್ತಿದ್ದಳು. ಬೈಗುಳವಿಲ್ಲ, ಹಂಗಿಸುವುದಿಲ್ಲ. ನನ್ನ ಮಾತು ಮುಗಿದ ಕೂಡಲೇ ಸದ್ದಿಲ್ಲದೆ ಏಳುತ್ತಿದ್ದಳು. ನಾವು ಎರಡು ಮನೆ ಬದಲಿಸಿದೆವು, ನಾನು ಕೆಲಸಕ್ಕೆ ಸೇರಿದೆ, ಅದನ್ನು ಬಿಟ್ಟು ಸ್ವಂತ ಕೆಲಸಕ್ಕೆ ಇಳಿದೆ, ಗುರುತಿಲ್ಲದ ಜನ ನನ್ನ ಒಂದು ಮಾತಿನ ಮೇಲೆ ಮನೆ ಹಿಡಿಯತೊಡಗಿದರು. ಅವ್ವ ಮಾತ್ರ ಎದ್ದು ಹೋಗಿ ನೋಡುತ್ತಲೇ ಇದ್ದಳು.

ಮಲ್ಲಿ ಕಾಲೇಜು ಸೇರಿದ ವರ್ಷ ಒಂದು ಸಂಜೆ ಹಾಗೇ ಮೋಡ ಕವಿದು ಮಳೆ ಸುರಿಯಿತು. ಮಲ್ಲಿ ಬರುವ ಹೊತ್ತು ಮೀರಿತ್ತು. ನನ್ನ ಫೋನಿಗೆ ಕರೆ ಮಾಡಿ, ಮಾರತ್ತಹಳ್ಳಿ ಹತ್ತಿರ ಬಸ್ಸು ನಿಂತಿದೆ, ರಸ್ತೆಯಲ್ಲಿ ನೀರಿದೆ, ಬಸ್ಸಿನಲ್ಲೇ ಕೂತಿದ್ದೇನೆ ಎಂದಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನಿಗೆ ಹೇಳಿದೆ.

"ಮಲ್ಲಿ ಬಸ್ಸಿನ್ಯಾಗ ಕುಂತಾಳವ್ವ. ಮಳಿ ನಿಂತ ಮ್ಯಾಲ ಬರ್ತಾಳ."

ಹೇಳಿ ಫೋನು ಮುಂದೆ ಚಾಚಿದೆ. ಇಂಥ ಹೊತ್ತಿನಲ್ಲಿ ಅವ್ವ ಫೋನು ಕಸಿದುಕೊಂಡು ಮಲ್ಲಿಯ ದನಿಯನ್ನು ತಾನೇ ಕೇಳಬೇಕು. ಅದು ನಮ್ಮ ರೂಢಿ.

"ಹೌದೇನು," ಎಂದಳು ಅವ್ವ. ರೊಟ್ಟಿ ಮಗುಚಿ ಹಾಕಿದಳು. ಮುಂದಿನ ಉಂಡೆಯನ್ನು ಕೈಗೆತ್ತಿಕೊಂಡು ಬಡಿಯಲು ಶುರು ಮಾಡಿದಳು. "ಬರ್ಲಿ ಬಿಡು. ನೀ ಉಣ್ಣು."

ಅವಳು ಏಳಲಿಲ್ಲ. ಹದಿಮೂರು ವರ್ಷ ನಾನು ಕಾಯ್ದಿದ್ದು ಇದಕ್ಕೇ, ಆದರೆ ಸಂತೋಷವಾಗಲಿಲ್ಲ. ಮಲ್ಲಿ ಬಸ್ಸಿನಿಂದ ಇಳಿದಿದ್ದರೆ, ಗೆಳತಿಯ ಮಾತು ಕೇಳಿ ನಡೆದು ಹೊರಟಿದ್ದರೆ, ನಾನು ಸರಿಯಾಗಿ ಕೇಳಿಸಿಕೊಳ್ಳದಿದ್ದರೆ? ಈಗ ನನ್ನ ಹಿಂದೆ ಬಂದು ನೋಡುವವರು ಯಾರೂ ಇಲ್ಲ. ನಾನು ಉಣ್ಣಲಿಲ್ಲ. ಛತ್ರಿ ತೆಗೆದುಕೊಂಡು ಬಸ್ ಸ್ಟಾಪಿಗೆ ಹೋಗಿ ನಿಂತೆ.